ಇಪ್ಪತ್ತರ ಸೋಡಾಕ್ಕೆ ಇನ್ನೂರು ಕೊಟ್ಟೆ: ನಮ್ಮ ಮಾತು ಕೇಳದ ಸ್ನಾಯುಗಳ ಬಗ್ಗೆ ಯಾರಾದ್ರೂ ಹೇಳಿ

ಲೆಕ್ಕದ ಮನುಷ್ಯ (ಬೈಲಹೊಂಗಲ)
ನಿನ್ನೆ ಬೆಳಗಾವಿಗೆ ಕಣ್ಣು ತೋರಿಸಲು ಹೋಗಿದ್ದೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಹೇಳಲ್ಲ. ಒಬ್ಬ ಹುಡುಗಿ ಬಂದು ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿದಳು. "ಕಣ್ಣ ಮುಚ್ಚಿಕೊಂಡು ಕೂಡ್ರಿ" ಅಂದಳು. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದಳು. ಡಾಕ್ಟರು ಲೈಟು ಬಿಟ್ಟು ನೋಡಿದರು, ಚೀಟಿ ಬರೆದರು, ಆಯಿತು ಹೋಗಿ ಅಂದರು. ಇನ್ನು ಸಂಜೆವರೆಗೆ ಕಣ್ಣು ಹೀಗೇ ಇರುತ್ತೆ ಅಂತ ಒಬ್ಬರೂ ಬಾಯಿ ಬಿಡಲಿಲ್ಲ.

ಹೊರಗೆ ಬಂದರೆ ಏಪ್ರಿಲ್ ಬಿಸಿಲು. ರಸ್ತೆಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಲಿಂಬು ಸೋಡಾ ಕುಡಿದೆ, ಇಪ್ಪತ್ತು ರೂಪಾಯಿ. ಫೋನ್ ತೆಗೆದು ದುಡ್ಡು ಹಾಕೋಣ ಅಂದರೆ ಪರದೆ ಮೇಲಿನ ಅಂಕಿ ಒಂದೂ ಕಾಣುತ್ತಿಲ್ಲ. ಅಂದಾಜಿನ ಮೇಲೆ ಒತ್ತಿದೆ. ಡಬ್ಬಿ "ಎರಡು ನೂರು ರೂಪಾಯಿ ಬಂದಿದೆ" ಅಂತ ಕೂಗಿತು. ಸೋಡಾದವನು ಒಳ್ಳೆಯವನು, ನೂರಾ ಎಂಬತ್ತು ವಾಪಸ್ ಕೊಟ್ಟ. ಹದಿನೈದು ವರ್ಷದಿಂದ ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುವವನ ಗತಿ ಇದು.

ವಿಚಿತ್ರ ಏನಂದ್ರೆ, ದೂರದ ಬಸ್ಸಿನ ಬೋರ್ಡು ಕಣ್ಣು ಕಿರಿದು ಮಾಡಿ ಓದಲು ಬಂತು. ಕೈಯಲ್ಲಿದ್ದ ಟಿಕೆಟ್ ಮಾತ್ರ ಬರಲಿಲ್ಲ. ರೆಪ್ಪೆ ನನ್ನ ಮಾತು ಕೇಳಿತು, ಮುಚ್ಚು ಅಂದರೆ ಮುಚ್ಚಿತು. ಒಳಗಿನ ಪಾಪೆ ಕೇಳಲಿಲ್ಲ. ಒಂದೇ ಕಣ್ಣಿನಲ್ಲಿ ಅರ್ಧ ನನ್ನ ಮಾತು, ಅರ್ಧ ಯಾರ ಮಾತು?

ಜೀವಶಾಸ್ತ್ರದ ಮಾಸ್ತರ (ವಿಜಯಪುರ)
ರೆಪ್ಪೆ ಮುಚ್ಚುವ ಸ್ನಾಯು ಕೈಕಾಲಿನ ಸ್ನಾಯುಗಳ ಜಾತಿಯದು. ಪಟ್ಟೆ ಪಟ್ಟೆಯಾಗಿರುತ್ತೆ, ಬೇಕೆಂದಾಗ ಎಳೆಯಬಹುದು. ಪಾಪೆಯದು ಬೇರೆ ಜಾತಿ. ಪಟ್ಟೆ ಇಲ್ಲದ ನುಣುಪು ಸ್ನಾಯು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಜೀವಕೋಶವೂ ನಡುವೆ ದಪ್ಪ, ಎರಡೂ ತುದಿಗೆ ಚೂಪು. ನೂಲು ಸುತ್ತಿದ ಕದಿರಿನ ಹಾಗೆ.

ಪಾಪೆಯ ಸುತ್ತಲಿನ ಬಣ್ಣದ ಬಳೆಯಲ್ಲಿ ಇಂಥ ಸ್ನಾಯು ಎರಡಿವೆ. ಒಂದು ಪಾಯಿಜಾಮದ ಲಾಡಿಯ ಹಾಗೆ ಸುತ್ತ ಬಂದಿದೆ, ಬಿಗಿದರೆ ಪಾಪೆ ಸಣ್ಣದಾಗುತ್ತೆ. ಇನ್ನೊಂದು ಸೈಕಲ್ ಗಾಲಿಯ ಕಡ್ಡಿಗಳ ಹಾಗೆ ನಿಂತಿದೆ, ಎಳೆದರೆ ಪಾಪೆ ಅಗಲ. ಬಿಸಿಲಲ್ಲಿ ಎರಡು ಮಿಲಿಮೀಟರಿನಷ್ಟು ಇರುವ ಪಾಪೆ ಕತ್ತಲಲ್ಲಿ ಏಳೆಂಟು ಮಿಲಿಮೀಟರಿಗೆ ಹೋಗುತ್ತೆ. ನಿಮಗೆ ಹಾಕಿದ ಔಷಧ ಹೆಚ್ಚಾಗಿ ಟ್ರೋಪಿಕಮೈಡ್ ಇರಬೇಕು. ಅದು ಲಾಡಿಯನ್ನು ಸಡಿಲ ಬಿಡಿಸುತ್ತೆ, ನಾಲ್ಕರಿಂದ ಎಂಟು ಗಂಟೆ. ಕಿಟಕಿ ತೆರೆದಿದ್ದರೆ ತಾನೇ ಡಾಕ್ಟರಿಗೆ ಒಳಮನೆ ಕಾಣೋದು?

ಟಿಕೆಟ್ ಓದಲಾಗದ್ದಕ್ಕೆ ಮೂರನೆಯವನು ಕಾರಣ. ಕಣ್ಣಿನೊಳಗಿನ ಲೆನ್ಸಿನ ಸುತ್ತ ಇದೇ ನುಣುಪು ಜಾತಿಯ, ಮಾತು ಕೇಳದ ಒಂದು ಸ್ನಾಯು ಇದೆ. ಔಷಧ ಅದನ್ನೂ ಸಡಿಲ ಬಿಡಿಸುತ್ತೆ. ಅದು ಬಿಗಿದಾಗ ಲೆನ್ಸ್ ಉಬ್ಬುತ್ತೆ, ಹತ್ತಿರದ್ದು ಕಾಣುತ್ತೆ. ದೂರದ್ದನ್ನು ನೋಡಲು ಅದು ಬಿಗಿಯಬೇಕಿಲ್ಲ. ಹಾಗಾಗಿ ಬೋರ್ಡು ಪಾಸು, ಟಿಕೆಟ್ ಫೇಲು.

ಒಗ್ಗರಣೆ (ಬೆಳಗಾವಿ)
ಎಲ್ಲ ಓದಿ ನನಗೆ ಅರ್ಥವಾದದ್ದು ಸೋಡಾ ಇಪ್ಪತ್ತು ರೂಪಾಯಿ ಆಯ್ತು ಅಂತ.

ಕಾಲುವೆ ಕಡೆಯವ (ಬಸವನ ಬಾಗೇವಾಡಿ)
ಮಾಸ್ತರ್ರೇ, ಡ್ರಾಪ್ಸ್ ಹಾಕದೆಯೇ ನನಗೆ ಹೀಗಾಗಿದೆ. ಎರಡು ವರ್ಷದ ಹಿಂದೆ ಹೊಲದ ಬದುವಿನಲ್ಲಿ ಕಸ ಕೀಳುತ್ತಿದ್ದೆ. ದತ್ತೂರಿ ಗಿಡ ಜಾಸ್ತಿ ಬೆಳೆದಿತ್ತು. ಕಿತ್ತು ಕಿತ್ತು ಕೈಗೆಲ್ಲ ರಸ. ಬೆವರು ಬಂತು ಅಂತ ಅದೇ ಕೈಯಲ್ಲಿ ಎಡಗಣ್ಣು ಒರೆಸಿಕೊಂಡೆ. ಮನೆಗೆ ಬಂದಾಗ ನಮ್ಮ ಮನೆಯಾಕೆ ಮುಖ ನೋಡಿ ಹೌಹಾರಿದಳು. ಎಡಗಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂಗೆ ಅಗಲ, ಬಲಗಣ್ಣು ಸರಿ ಇದೆ. "ಲಕ್ವಾ ಹೊಡದದ ಏನೋ" ಅಂತ ಅವ್ವ ಅಳಲು ಶುರು ಮಾಡಿದಳು. ತಾಲೂಕಿನ ಡಾಕ್ಟರು ಮೊದಲು ಕೇಳಿದ್ದೇ "ಏನು ಗಿಡ ಮುಟ್ಟಿದ್ದೆ?" ಅಂತ. ಮೂರು ದಿನಕ್ಕೆ ಸರಿಯಾಯಿತು.

ಜೀವಶಾಸ್ತ್ರದ ಮಾಸ್ತರ (ವಿಜಯಪುರ)
ಪುಣ್ಯಾತ್ಮಾ, ಬರೀ ಕಣ್ಣಿಗೆ ಹೋಯಿತಲ್ಲ, ಬಾಯಿಗೆ ಹೋಗಿದ್ದರೆ ಜೀವಕ್ಕೇ ಅಪಾಯವಿತ್ತು. ದತ್ತೂರಿಯಲ್ಲಿ ಅಟ್ರೋಪಿನ್ ಇದೆ. ಕಣ್ಣಿನ ಆಸ್ಪತ್ರೆಗಳಲ್ಲೂ ಅದೇ ಅಟ್ರೋಪಿನ್ ಡ್ರಾಪ್ಸ್ ಬಳಸುತ್ತಾರೆ, ಅದರ ಪರಿಣಾಮ ಒಂದು ವಾರ ದಾಟಿಯೂ ಇರಬಹುದು. ಟ್ರೋಪಿಕಮೈಡ್ ಕೂಡ ಅದರ ದಾರಿಯಲ್ಲೇ ಕೆಲಸ ಮಾಡುವುದು.

ದಾರಿ ಅಂದೆನಲ್ಲ, ಅದರ ಕತೆ ಚೆನ್ನಾಗಿದೆ. ನರ ಸ್ನಾಯುವಿಗೆ ಹೇಗೆ ಹೇಳುತ್ತೆ? ಕರೆಂಟಿನಿಂದಲೋ, ಏನಾದರೂ ರಸ ಸುರಿಸಿಯೋ? ಇದರ ಬಗ್ಗೆ ಬಹಳ ಜಗಳವಿತ್ತು. ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಓಟೋ ಲೋವಿ ಅಂತ ಒಬ್ಬರಿದ್ದರು. ರಾತ್ರಿ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು, ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲು ಬರಲಿಲ್ಲ! ಮರುರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಚೀಟಿ ನಂಬಲಿಲ್ಲ, ಎದ್ದವರೇ ಪ್ರಯೋಗಾಲಯಕ್ಕೆ ನಡೆದರು. ಎರಡು ಕಪ್ಪೆಯ ಹೃದಯ ತೆಗೆದು ಉಪ್ಪುನೀರಿನಲ್ಲಿ ಇಟ್ಟರು, ಎರಡೂ ಬಡಿಯುತ್ತಿದ್ದವು. ಒಂದಕ್ಕೆ ವೇಗಸ್ ಅನ್ನುವ ನರ ಅಂಟಿಕೊಂಡೇ ಇತ್ತು. ಆ ನರವನ್ನು ಕೆರಳಿಸಿದರೆ ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ನೀರನ್ನು ನರವಿಲ್ಲದ ಎರಡನೇ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ಅಂದರೆ ನರ ಏನೋ ರಸ ಬಿಟ್ಟಿದೆ. ಅದೇ ಅಸಿಟೈಲ್‌ಕೋಲಿನ್. ಇದು 1921ರ ಮಾತು, 1936ರಲ್ಲಿ ನೊಬೆಲ್ ಬಂತು, ಹೆನ್ರಿ ಡೇಲ್ ಜೊತೆಗೆ.

ಪಾಪೆಯ ಲಾಡಿ ಬಿಗಿಯುವುದೂ ಇದೇ ರಸದಿಂದ. ಅಟ್ರೋಪಿನ್ ಹೋಗಿ ಆ ರಸ ಕೂರುವ ಜಾಗದಲ್ಲಿ ತಾನು ಕೂರುತ್ತೆ. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ.

ಗರಡಿ ಹುಡುಗ (ಮುಧೋಳ)
ನನ್ನ ಅನುಭವ ಹೇಳ್ತೀನಿ. ದಿನಾ ಐನೂರು ಬೈಠಕ್ ಹೊಡೆಯುತ್ತೇನೆ, ತೊಡೆ ಹೇಳಿದ ಮಾತು ಕೇಳುತ್ತೆ. ಜಾತ್ರೆ ಕುಸ್ತಿ ದಿನ ಹೆಸರು ಕೂಗಿದರೆ ಸಾಕು, ಎದೆ ಡವಡವ, ಹೊಟ್ಟೆ ಕಲಸುತ್ತೆ, ಬಾಯಿ ಒಣಗುತ್ತೆ, ಕೈಮೇಲಿನ ಕೂದಲು ನೆಟ್ಟಗೆ. ಯಾವುದನ್ನೂ ನಾನು ಕರೆದಿಲ್ಲ. ನಾನು ಅಖಾಡಕ್ಕೆ ಇಳಿಯೋ ಮುಂಚೆ ಒಳಗಿನವರು ಇಳಿದಿರುತ್ತಾರೆ.

ಆದರೆ ಮಾಸ್ತರ್ರೇ, ಕಪ್ಪೆಯ ಹೃದಯ ಹೊರಗೆ ತೆಗೆದರೂ ಬಡಿಯಿತು ಅಂದಿರಲ್ಲ. ನರ ಇಲ್ಲ, ಮಿದುಳು ಇಲ್ಲ. ಹಾಗಾದ್ರೆ ಬಡಿ ಅಂತ ಹೇಳಿದವರು ಯಾರು?

ಜೀವಶಾಸ್ತ್ರದ ಮಾಸ್ತರ (ವಿಜಯಪುರ)
ತಮ್ಮಾ, ಇದೇ ನಾನು ಹೇಳಬೇಕೆಂದಿದ್ದು. ಯಾರೂ ಹೇಳುವುದಿಲ್ಲ. ಇಂಥ ಸ್ನಾಯುಗಳಿಗೆ ಹೇಳುವ 'ಅನೈಚ್ಛಿಕ' ಅನ್ನುವ ಪದವೇ ನಮ್ಮನ್ನು ದಾರಿ ತಪ್ಪಿಸುತ್ತೆ. ನಮ್ಮ ಇಚ್ಛೆ ಇಲ್ಲ ಅಂದಕೂಡಲೇ ಮಿದುಳಿನ ಇನ್ಯಾವುದೋ ಮೂಲೆಯವನು ಹಗ್ಗ ಎಳೆಯುತ್ತಿದ್ದಾನೆ ಅಂದುಕೊಳ್ತೀವಿ. ಬಹಳಷ್ಟು ಕಡೆ ಕೆಲಸ ಶುರು ಮಾಡಲು ಹಗ್ಗ ಬೇಕೇ ಇಲ್ಲ. ಹೃದಯದ ಮೇಲ್ಭಾಗದಲ್ಲಿ ಬಲಗಡೆ ಒಂದು ಸಣ್ಣ ಗಂಟು ಇದೆ, ಎಸ್‌ಎ ನೋಡ್ ಅಂತಾರೆ. 1907ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಗುರುತಿಸಿದ್ದು. ಅದು ತನ್ನಷ್ಟಕ್ಕೆ ತಾಳ ಹಾಕುತ್ತೆ. ಹಾಗೇ ಬಿಟ್ಟರೆ ನಿಮಿಷಕ್ಕೆ ಸುಮಾರು ನೂರು ಸಲ. ವೇಗಸ್ ನರ ಹಗ್ಗ ಜಗ್ಗಿ ಹಿಡಿದಿರುವುದರಿಂದ ಎಪ್ಪತ್ತರ ಹತ್ತಿರ ನಿಲ್ಲುತ್ತೆ. ಹೃದಯ ಕಸಿ ಮಾಡಿದವರಲ್ಲಿ ಆ ನರ ಕತ್ತರಿಸಿರುತ್ತೆ. ಅವರು ಸುಮ್ನೆ ಕೂತಿದ್ದರೂ ನಾಡಿ ತೊಂಬತ್ತರಿಂದ ನೂರರ ಆಸುಪಾಸು ಓಡುತ್ತಿರುತ್ತೆ.

ಚಕ್ಕಡಿ ಎತ್ತು ನೆನಪಿಸಿಕೋ. ನಡೆಯುವುದು ಎತ್ತು. ಹಗ್ಗ ಜಗ್ಗಿದರೆ ನಿಧಾನ, ಬಾರುಕೋಲು ಆಡಿಸಿದರೆ ಜೋರು. ಅಖಾಡದಲ್ಲಿ ನಿನ್ನ ಎದೆ ಡವಡವ ಅಂದದ್ದು ಹಗ್ಗ ಬಿಟ್ಟು ಬಾರುಕೋಲು ಆಡಿಸಿದ್ದಕ್ಕೆ. ನೀನು ತಾಲೀಮು ಮಾಡುವವನು, ಬೆಳಿಗ್ಗೆ ಏಳುತ್ತಲೇ ನಾಡಿ ಎಣಿಸಿ ನೋಡು.

ಗರಡಿ ಹುಡುಗ (ಮುಧೋಳ)
ಎಣಿಸಿದೆ. 52. ಹೆದರಬೇಕಾ?

ಜೀವಶಾಸ್ತ್ರದ ಮಾಸ್ತರ (ವಿಜಯಪುರ)
ತಲೆ ಸುತ್ತು, ಸುಸ್ತು ಇಲ್ಲದಿದ್ದರೆ ಹೆದರಬೇಡ. ಕಸರತ್ತು ಮಾಡುವವರಲ್ಲಿ ನಲವತ್ತರಿಂದ ಅರವತ್ತು ಸಾಮಾನ್ಯ.

ಶರಣು ಶರಣಾರ್ಥಿ (ಜಮಖಂಡಿ)
ಇಲ್ಲಿ ಎಲ್ಲರೂ ಇಚ್ಛೆ ನಡೆಯಲ್ಲ ನಡೆಯಲ್ಲ ಅಂತೀರಿ. ನಮ್ಮ ಯೋಗಿಗಳು ಹೃದಯವನ್ನೇ ನಿಲ್ಲಿಸುತ್ತಿದ್ದರಲ್ಲ? ಅದನ್ನು ಯಾಕೆ ಹೇಳುವುದಿಲ್ಲ?

ಜೀವಶಾಸ್ತ್ರದ ಮಾಸ್ತರ (ವಿಜಯಪುರ)
ಶರಣರೇ, ಅದನ್ನೂ ಪರೀಕ್ಷೆ ಮಾಡಿದ್ದಾರೆ. ವೆಂಗರ್, ಬಾಗ್ಚಿ, ಆನಂದ್ ಮೂವರೂ ಸೇರಿ ನಮ್ಮ ದೇಶದಲ್ಲೇ ಯೋಗ ಸಾಧಕರಿಗೆ ಇಸಿಜಿ ಹಚ್ಚಿ ನೋಡಿ 1961ರಲ್ಲಿ ಬರೆದರು. ಮುಂಗೈಯಲ್ಲಿ ನಾಡಿ ಸಿಗದ ಹಾಗೆ ಮಾಡಿದವರು ಇದ್ದರು. ಆದರೆ ಇಸಿಜಿಯಲ್ಲಿ ಹೃದಯ ಬಡಿಯುತ್ತಲೇ ಇತ್ತು. ಉಸಿರು ಕಟ್ಟಿ ಎದೆ, ಹೊಟ್ಟೆ ಬಿಗಿ ಹಿಡಿದರೆ ಎದೆಯೊಳಗೆ ಒತ್ತಡ ಏರುತ್ತೆ, ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತೆ. ಪಂಪು ಓಡುತ್ತಿದೆ, ಬಾವಿಯಲ್ಲಿ ನೀರಿಲ್ಲ. ಅಷ್ಟೇ.

ಇದರಿಂದ ಯೋಗ ಸಣ್ಣದಾಗಲಿಲ್ಲ. ಉಸಿರನ್ನು ನಿಧಾನ ಮಾಡಿದರೆ ನಾಡಿಯೂ ಇಳಿಯುತ್ತೆ, ಅದು ನಿಜ. ಮುಂಬಾಗಿಲಿಂದ ಹೋಗಲು ಬಿಡದ ಮನೆಗೆ ಹಿತ್ತಲ ಬಾಗಿಲಿಂದ ಹೋದ ಹಾಗೆ.

ಶರಣು ಶರಣಾರ್ಥಿ (ಜಮಖಂಡಿ)
ಪೂರ್ತಿ ಒಪ್ಪಲಿಲ್ಲ. ಹಿತ್ತಲ ಬಾಗಿಲು ಅಂದ್ರಲ್ಲ, ಅಷ್ಟಕ್ಕೆ ಒಪ್ಪಿದೆ.

ಹತ್ತನೇ ಬೆಂಚು (ಬಾಗಲಕೋಟೆ)
ಸರ್, ಉಸಿರಾಟ ಐಚ್ಛಿಕವೋ ಅನೈಚ್ಛಿಕವೋ? ಟೆಸ್ಟಿನಲ್ಲಿ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಐಚ್ಛಿಕ ಸ್ನಾಯು ಅಂತ ಬರೆದೆ, ಮಾರ್ಕ್ಸ್ ಕಟ್ ಮಾಡಿದ್ದಾರೆ. ನಿದ್ದೆಯಲ್ಲೂ ಉಸಿರಾಡ್ತೀವಲ್ಲ ಅಂತ ಟೀಚರ್ ಅಂದರು.

ಜೀವಶಾಸ್ತ್ರದ ಮಾಸ್ತರ (ವಿಜಯಪುರ)
ನಿನ್ನ ಟೀಚರ ಮುಂದೆ ನನ್ನ ಹೆಸರು ಹೇಳಬೇಡ. ವಪೆ ಪಟ್ಟೆ ಇರುವ ಸ್ನಾಯುವೇ, ನೀನು ಬರೆದದ್ದು ಸರಿ. ಕೆಲಸ ಮಾತ್ರ ಹೆಚ್ಚಿನ ಹೊತ್ತು ತಾನಾಗಿ ನಡೆಯುತ್ತೆ, ಮಿದುಳಿನ ಬುಡದಲ್ಲಿರುವ ಮೆಡುಲ್ಲಾದಿಂದ ಆಜ್ಞೆ ಬರುತ್ತೆ. ಉಸಿರು ಹಿಡಿದು ನೋಡು. ಸ್ವಲ್ಪ ಹೊತ್ತು ನಿನ್ನ ಮಾತು ನಡೆಯುತ್ತೆ. ಆಮೇಲೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಹೊಟ್ಟೆಯ ಮೇಲೆ ಯಾರೋ ಗುದ್ದಿದ ಹಾಗೆ ವಪೆ ತಾನೇ ಎಳೆಯುತ್ತೆ. ಬಾವಿಯಲ್ಲಿ ಮುಳುಗಿ ಪಂದ್ಯ ಕಟ್ಟುವ ಹುಡುಗರಿಗೆ ಇದು ಗೊತ್ತು. ನೀನು ಮಾಡಬೇಡ.

ಬಿಕ್ಕಳಿಕೆಯೂ ವಪೆಯ ಆಟವೇ. ಕಣ್ಣು ಹಾರುವುದೂ ಹಾಗೇ, ಸ್ನಾಯು ನಮ್ಮ ಕೈಯೊಳಗಿನದು, ಹಾರಾಟ ಮಾತ್ರ ಕೈ ಮೀರಿದ್ದು.

ಒಗ್ಗರಣೆ (ಬೆಳಗಾವಿ)
ಬಿಕ್ಕಳಿಕೆ ಬಂದರೆ ಯಾರೋ ನೆನಸುತ್ತಿದ್ದಾರೆ ಅಂತಿದ್ದಳು ನಮ್ಮ ಆಯಿ. ನನಗೆ ಬರುವುದು ಪ್ರತಿ ತಿಂಗಳು ಐದನೇ ತಾರೀಖು. ಫೈನಾನ್ಸಿನವರು.

ಅಂಗಡಿ ಮಗ (ಇಳಕಲ್)
ನಮ್ಮಪ್ಪನದು ಮಟನ್ ಅಂಗಡಿ. ಸಣ್ಣವನಿದ್ದಾಗ ರಜೆ ದಿನ ಅಂಗಡಿಯಲ್ಲಿ ಕೂರುತ್ತಿದ್ದೆ. ಕುರಿಯ ಹೊಟ್ಟೆ ಬಿಡಿಸಿ ಕರುಳು ಬುಟ್ಟಿಗೆ ಹಾಕಿದ ಮೇಲೂ ಅದು ಸುಮ್ಮನಿರುತ್ತಿರಲಿಲ್ಲ. ಬಿಸಿ ಇರುವವರೆಗೆ ಮೆಲ್ಲಗೆ ಹೊರಳುತ್ತಿತ್ತು. ಒಂದು ಕಡೆ ಸಣ್ಣಗಾಗುವುದು, ಪಕ್ಕದಲ್ಲಿ ಉಬ್ಬುವುದು, ಆ ಉಬ್ಬು ಮುಂದೆ ಸರಿಯುವುದು. ಬೆರಳಿನಿಂದ ಚುಚ್ಚಿದರೆ ಅಲ್ಲೇ ಹಿಡಿದುಕೊಳ್ಳುತ್ತಿತ್ತು. ಕುರಿ ಇನ್ನೂ ಸತ್ತಿಲ್ಲ ಅಂತ ಅಳುತ್ತಿದ್ದೆ. ಅಪ್ಪ ನಕ್ಕು "ಕುರಿ ಹೋತು, ಕರುಳಿಗಿನ್ನೂ ಸುದ್ದಿ ಮುಟ್ಟಿಲ್ಲ" ಅನ್ನುತ್ತಿದ್ದರು. ಈಗ ಈ ಮಾತುಕತೆ ಓದಿ ಅಪ್ಪನ ಮಾತು ನೆನಪಾಯಿತು.

ಜೀವಶಾಸ್ತ್ರದ ಮಾಸ್ತರ (ವಿಜಯಪುರ)
ನಿಮ್ಮಪ್ಪನವರ ಆ ಮಾತು ನನ್ನ ಕ್ಲಾಸಿಗೆ ತಗೊಂಡೆ, ಬೇಡ ಅನ್ನಬೇಡಿ.

ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನುವ ಇಬ್ಬರು ಇಂಗ್ಲಿಷರು 1899ರಲ್ಲಿ ನಾಯಿಯ ಕರುಳಿನ ಮೇಲೆ ಇದನ್ನೇ ತೋರಿಸಿದರು. ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದರೂ ತುತ್ತಿನ ಹಿಂದೆ ಕರುಳು ಬಿಗಿಯುತ್ತೆ, ಮುಂದೆ ಸಡಿಲವಾಗುತ್ತೆ. ಅದಕ್ಕೇ ತುತ್ತು ಮುಂದೆ ಹೋಗುತ್ತೆ. ಯಾಕೆ ಅಂದ್ರೆ ಕರುಳಿನ ಗೋಡೆಯೊಳಗೇ ಕೋಟಿಗಟ್ಟಲೆ ನರಕೋಶಗಳಿವೆ, ಹತ್ತು ಕೋಟಿಗೂ ಜಾಸ್ತಿ. ತಾಳ ಹಾಕಲು ಬೇರೆ ಕೋಶಗಳಿವೆ. ಜಠರದಲ್ಲಿ ನಿಮಿಷಕ್ಕೆ ಮೂರು, ಸಣ್ಣ ಕರುಳಿನ ಆರಂಭದಲ್ಲಿ ಹನ್ನೆರಡು ಅಲೆ. ಹೊಟ್ಟೆ ಖಾಲಿ ಇದ್ದಾಗ ಒಂದೂವರೆ ಎರಡು ಗಂಟೆಗೊಮ್ಮೆ ಮೇಲಿಂದ ಕೆಳಗಿನವರೆಗೆ ಒಂದು ದೊಡ್ಡ ಅಲೆ ಹೊರಡುತ್ತೆ, ಉಳಿದ ಚೂರುಪಾರು ಗುಡಿಸಿಕೊಂಡು. ಹಸಿದಾಗ ಗುರ್ರ್ ಅನ್ನುವುದು ಹೆಚ್ಚಾಗಿ ಅದೇ.

ರೊಟ್ಟಿ ತುತ್ತು ನುಂಗುವುದನ್ನು ನೋಡಿ. ಗಂಟಲಿಗೆ ತಳ್ಳುವವರೆಗೆ ನಿಮ್ಮದು. ಅನ್ನನಾಳದ ಮೇಲಿನ ಭಾಗ ಪಟ್ಟೆ ಸ್ನಾಯು, ಕೆಳಗೆ ಹೋದಂತೆ ನುಣುಪು. ಎಂಟು ಹತ್ತು ಸೆಕೆಂಡಿನಲ್ಲಿ ತುತ್ತು ಜಠರದಲ್ಲಿ. ಒಮ್ಮೆ ಬಿಟ್ಟ ತುತ್ತನ್ನು ವಾಪಸ್ ಕರೆಯಲಾಗಲ್ಲ.

ನರ್ಸಕ್ಕ (ಬಾಗಲಕೋಟೆ)
ಗಂಡಸರೆಲ್ಲ ಕಣ್ಣು, ಕರುಳು, ಕುಸ್ತಿ ಅಂತ ಮಾತಾಡಿ ಮುಗಿಸಿದಿರಿ. ಈ ಜಾತಿಯ ಸ್ನಾಯುಗಳಲ್ಲಿ ದೊಡ್ಡ ಪೈಲ್ವಾನ ಗರ್ಭಕೋಶ. ಯಾರೂ ಹೆಸರೆತ್ತಲಿಲ್ಲ.

ಹೆರಿಗೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷವಾಯಿತು ನನಗೆ. ಸುಮಾರು ಅರವತ್ತು ಎಪ್ಪತ್ತು ಗ್ರಾಂ ಇರುವ ಗರ್ಭಕೋಶ ಒಂಬತ್ತು ತಿಂಗಳಿಗೆ ಒಂದು ಕಿಲೋ ಹತ್ತಿರ ಹೋಗುತ್ತೆ, ಕೂಸಿನ ತೂಕ ಬಿಟ್ಟು. ಬೇನೆ ಶುರುವಾದರೆ ನಿಲ್ಲು ಅಂದರೆ ನಿಲ್ಲಲ್ಲ, ಬಾ ಅಂದರೆ ಬರಲ್ಲ. ಕೂಸಿನ ತಲೆ ಕೆಳಗೆ ಒತ್ತಿದಷ್ಟೂ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಜಾಸ್ತಿ, ಅದು ಜಾಸ್ತಿಯಾದಷ್ಟೂ ಬಿಗಿತ ಜಾಸ್ತಿ, ಬಿಗಿದಷ್ಟೂ ತಲೆ ಇನ್ನೂ ಕೆಳಗೆ.

"ಜೋರ್ ಹಾಕವ್ವಾ" ಅಂತ ನಾವು ಕೂಗುತ್ತೀವಲ್ಲ, ಅದು ಗರ್ಭಕೋಶಕ್ಕೆ ಅಲ್ಲ. ಅದಕ್ಕೆ ನಮ್ಮ ಮಾತು ಕೇಳಿಸಲ್ಲ. ಹೊಟ್ಟೆಯ ಮೇಲಿನ ಸ್ನಾಯುಗಳಿಗೆ ಹೇಳುವುದು. ಬೇನೆ ಇಲ್ಲದ ಹೊತ್ತಿನಲ್ಲಿ ತಿಣುಕಿದರೆ ತಾಯಿಗೆ ಸುಸ್ತು ಅಷ್ಟೇ. ಅದಕ್ಕೆ ನಾನು ಹೊಟ್ಟೆ ಮೇಲೆ ಅಂಗೈ ಇಟ್ಟುಕೊಂಡು ನಿಂತಿರುತ್ತೇನೆ. ಮೊದಲು ಮೆತ್ತಗೆ ಇರುತ್ತೆ, ಆಮೇಲೆ ನಾದಿದ ಹಿಟ್ಟಿನ ಹಾಗೆ, ಆಮೇಲೆ ಹಣೆಯ ಹಾಗೆ ಗಟ್ಟಿ. ಗಟ್ಟಿಯಾದಾಗ "ಈಗ" ಅಂತೀನಿ. ಕೆಲವು ಸಲ ತಾಯಿಗಿಂತ ಮೊದಲು ನನ್ನ ಕೈಗೆ ಗೊತ್ತಾಗುತ್ತೆ.

ಹೆತ್ತ ಮೇಲೂ ಅದರ ಕೆಲಸ ಮುಗಿಯಲ್ಲ. ಬಿಗಿದುಕೊಂಡು ರಕ್ತನಾಳಗಳನ್ನು ಹಿಂಡಿ ಹಿಡಿಯಬೇಕು. ಅದು ಮೆತ್ತಗೆ ಉಳಿದರೆ ರಕ್ತ ನಿಲ್ಲುವುದಿಲ್ಲ, ನಮಗೆ ನಿಜವಾದ ಭಯ ಅಲ್ಲಿ. ಅದಕ್ಕೇ ಆಕ್ಸಿಟೋಸಿನ್ ಸೂಜಿ ಕೊಡುವುದು. ಕೂಸಿಗೆ ಮೊಲೆ ಹಚ್ಚಿದಾಗ "ಅಕ್ಕಾ, ಹೊಟ್ಟಿ ಹಿಂಡಾಕತ್ತೇತಿ" ಅಂತಾರೆ ಬಾಣಂತಿಯರು. ಹಾಲು ಬರಿಸುವುದೂ ಗರ್ಭಕೋಶ ಹಿಂಡುವುದೂ ಅದೇ ಆಕ್ಸಿಟೋಸಿನ್. ಒಳ್ಳೆಯದೇ ತಾಯಿ, ಹಿಂಡಲಿ ಬಿಡು ಅಂತೀನಿ.

ಲೆಕ್ಕದ ಮನುಷ್ಯ (ಬೈಲಹೊಂಗಲ)
ಅಕ್ಕಾವ್ರೇ, ನನ್ನ ಸೋಡಾ ಕತೆ ಬರೆದದ್ದಕ್ಕೆ ಈಗ ನಾಚಿಕೆ ಆಗ್ತಿದೆ.

ಕಾಲುವೆ ಕಡೆಯವ (ಬಸವನ ಬಾಗೇವಾಡಿ)
ನಂದೊಂದು ಪ್ರಶ್ನೆ ಉಳಿದಿದೆ. ನಮ್ಮ ಅಪ್ಪನಿಗೆ ಬಿಪಿ ಗುಳಿಗೆ ನಡೆದಿದೆ. ಹೊರಸಿನಿಂದ ದಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತೆ ಅಂತಾನೆ. ಇದಕ್ಕೂ ಈ ಸ್ನಾಯುಗಳಿಗೂ ಸಂಬಂಧ ಇದೆಯಾ?

ಜೀವಶಾಸ್ತ್ರದ ಮಾಸ್ತರ (ವಿಜಯಪುರ)
ಇದೆ, ನಿಮಗೆ ಬೇಗ ತಿಳಿಯುತ್ತೆ. ಕಾಲುವೆಗೆ ಗೇಟು ಇದೆ, ನೀರಗಂಟಿ ಇದ್ದಾನೆ, ಯಾವ ಹೊಲಕ್ಕೆ ಎಷ್ಟು ನೀರು ಅಂತ ಪಾಳಿ ನೋಡಿ ಬಿಡುತ್ತಾನೆ ಅಲ್ವಾ? ಸಣ್ಣ ರಕ್ತನಾಳಗಳ ಗೋಡೆಯಲ್ಲಿರುವ ನುಣುಪು ಸ್ನಾಯು ಅದೇ ನೀರಗಂಟಿ. ಊಟವಾದ ಮೇಲೆ ಕರುಳಿನ ಗೇಟು ಎತ್ತುತ್ತಾನೆ. ಕುಸ್ತಿಗೆ ಇಳಿದರೆ ಕರುಳಿನದು ಇಳಿಸಿ ತೋಳು ತೊಡೆಗೆ ಬಿಡುತ್ತಾನೆ. ಸುಮ್ನೆ ಕೂತಾಗ ಕೈಕಾಲಿನ ಸ್ನಾಯುಗಳಿಗೆ ರಕ್ತದ ಐದರಲ್ಲಿ ಒಂದು ಪಾಲು ಹೋಗುತ್ತೆ, ಜೋರು ಕಸರತ್ತಿನಲ್ಲಿ ಐದರಲ್ಲಿ ನಾಲ್ಕು. ಉಂಡು ಅಖಾಡಕ್ಕೆ ಇಳಿಯಬೇಡ ಅಂತ ವಸ್ತಾದರು ಬೈಯುವುದು ಸುಮ್ನೆ ಅಲ್ಲ.

ಮಲಗಿದ್ದವರು ಎದ್ದು ನಿಂತರೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲಿನ ಕಡೆ ಇಳಿಯುತ್ತೆ. ನೀರಗಂಟಿ ಕೂಡಲೇ ಕೆಳಗಿನ ಗೇಟು ಬಿಗಿಯಬೇಕು. ವಯಸ್ಸಾದರೆ ಅವನು ಸ್ವಲ್ಪ ನಿಧಾನ. ಕೆಲವು ಬಿಪಿ ಗುಳಿಗೆ ಅವನ ಕೈ ಸಡಿಲ ಮಾಡುವುದಕ್ಕೇ ಇರುವುದು. ಹಾಗಂತ ಗುಳಿಗೆ ನೀವಾಗಿ ಬಿಡಿಸಬೇಡಿ. ಎದ್ದು ಸ್ವಲ್ಪ ಹೊತ್ತು ಹೊರಸಿನ ಅಂಚಿಗೆ ಕೂತು, ಕಾಲು ಆಡಿಸಿ, ಆಮೇಲೆ ನಿಲ್ಲಲಿ. ಡಾಕ್ಟರಿಗೆ ಈ ಕತ್ತಲೆ ಬರುವ ಮಾತು ಹೇಳಿ. ಗುಳಿಗೆ ಹೊತ್ತು, ಪ್ರಮಾಣ ಅವರು ನೋಡುತ್ತಾರೆ.

ಇನ್ನೊಂದು. ಈ ನೀರಗಂಟಿಗೆ ಸುಸ್ತು ಅನ್ನುವುದೇ ಇಲ್ಲ. ಕೈಯಲ್ಲಿ ಬಕೆಟ್ ಹಿಡಿದು ಹತ್ತು ನಿಮಿಷ ನಿಂತರೆ ನಮಗೆ ತೋಳು ನಡುಗುತ್ತೆ. ನುಣುಪು ಸ್ನಾಯು ಅದೇ ಬಿಗಿತ ಹಿಡಿದಿಡಲು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಶಕ್ತಿಯಲ್ಲಿ ಸಾಗಿಸುತ್ತೆ. ನಿಧಾನಕ್ಕೆ ಬಿಗಿಯುತ್ತೆ, ಬಿಗಿದ ಮೇಲೆ ಚಿಲಕ ಹಾಕಿದ ಹಾಗೆ ನಿಲ್ಲುತ್ತೆ.

ಗರಡಿ ಹುಡುಗ (ಮುಧೋಳ)
ಅಂಥ ಒಂದು ಪಟ್ಟು ನಮ್ಮ ವಸ್ತಾದರಿಗೂ ಗೊತ್ತಿಲ್ಲ.

ಲೆಕ್ಕದ ಮನುಷ್ಯ (ಬೈಲಹೊಂಗಲ)
ಮಾಸ್ತರ್ರೇ, ಒಂದು ತಕರಾರು. ಲೆನ್ಸಿನ ಸ್ನಾಯು ನುಣುಪು ಜಾತಿ, ಮಾತು ಕೇಳಲ್ಲ ಅಂದಿರಿ. ಆದ್ರೆ ಈಗ ಕೂತಲ್ಲೇ ಕಿಟಕಿ ಆಚೆ ಬೇವಿನ ಮರ ನೋಡಿ, ಆಮೇಲೆ ಬೆರಳ ತುದಿ ನೋಡಿದೆ. ಹತ್ತು ಸಲ ಮಾಡಿದೆ. ಪ್ರತಿ ಸಲ ಅದು ನಾನು ಅಂದಂತೆ ಬಿಗಿದಿದೆ. ನಾನೇ ತಾನೇ ಮಾಡಿಸಿದ್ದು?

ಜೀವಶಾಸ್ತ್ರದ ಮಾಸ್ತರ (ವಿಜಯಪುರ)
ಲೆಕ್ಕ ಬರೆಯುವವರ ಕೈಗೆ ಸಿಕ್ಕಿಬಿದ್ದೆ. ಹೌದು, ನಿಮ್ಮ ಮಾತು ನಿಜ. ಸ್ನಾಯುವಿಗೆ ನೇರ ಹೇಳಲಿಲ್ಲ, ಬೆರಳು ನೋಡು ಅಂದಿರಿ, ಮಿಕ್ಕಿದ್ದು ತಾನಾಗಿ ಆಯಿತು. ಆದರೂ ಆ ಸ್ನಾಯುವನ್ನು ಪೂರ್ತಿ ಅನೈಚ್ಛಿಕ ಅಂತ ಬೋರ್ಡಿನ ಮೇಲೆ ಬರೆಯಲು ನನಗೂ ಇನ್ನು ಮುಂದೆ ಕೈ ತಡೆಯುತ್ತೆ.

ಲೆಕ್ಕದ ಮನುಷ್ಯ (ಬೈಲಹೊಂಗಲ)
ನಾಡಿದ್ದು ಅವ್ವನನ್ನು ಅದೇ ಕಡೆ ಕಣ್ಣು ತೋರಿಸಲು ಕರೆದುಕೊಂಡು ಹೋಗಬೇಕು, ಪೊರೆ ಬಂದಿದೆ. ಅವಳಿಗೆ ಎಲ್ಲ ಹೇಳಿದೆ, ಲಾಡಿ, ದತ್ತೂರಿ, ಟವೆಲ್ಲು. "ಹಂಗಾರ ಬಿಸಲಾಗ ಯಾಕ ಬರೂದು, ಸಂಜಿ ಬಸ್ಸಿಗೆ ಬರೂಣು ತಗೋ" ಅಂದಳು. ಒಂದು ಕಪ್ಪು ಕನ್ನಡಕ ತಂದಿದ್ದೇನೆ. ಹತ್ತರ ನೋಟು ನಾಲ್ಕು ಜೇಬಿನಲ್ಲಿ ಇಟ್ಟಿದ್ದೇನೆ, ಸೋಡಾಕ್ಕೆ.